ಲ್ಯಾಪ್‌ಲ್ಯಾಂಡ್: ಎಲ್ಲಿಗೆ ಅನ್ನುವುದಕ್ಕಿಂತ ಯಾವಾಗ ಅನ್ನುವುದೇ ಮುಖ್ಯ

ಫಿನ್‌ಲೆಂಡಿನ ಉತ್ತರದ ಲ್ಯಾಪ್‌ಲ್ಯಾಂಡ್ ಪ್ರಾಂತ್ಯದ ಬಗ್ಗೆ ಓದುಗರು ಬರೆದು ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬಂದವನ್ನು ಆಯ್ದು ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಡಿಸೆಂಬರ್ ರಜೆಗೆ ಲ್ಯಾಪ್‌ಲ್ಯಾಂಡ್‌ಗೆ ಹೋಗೋಣ ಅಂತ ಮನೆಯವರೆಲ್ಲರ ಆಸೆ. ಹಿಮ, ಧ್ರುವಪ್ರಭೆ (ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು), ಹಿಮಸಾರಂಗ ಎಲ್ಲವನ್ನೂ ಒಂದೇ ಪ್ರವಾಸದಲ್ಲಿ ನೋಡಬಹುದೇ?

ಉತ್ತರ: ನೋಡಬಹುದು. ಆದರೆ ಅದಕ್ಕೆ ಡಿಸೆಂಬರ್ ಒಳ್ಳೆಯ ತಿಂಗಳಲ್ಲ. ಮಕ್ಕಳಿಗೆ ಸಾಂತಾ ಕ್ಲಾಸ್ ತೋರಿಸುವುದೇ ಮುಖ್ಯ ಉದ್ದೇಶವಾದರೆ ಬೇರೆ ಮಾತು. ಇಲ್ಲವಾದರೆ ಆ ತಿಂಗಳಲ್ಲಿ ವಸತಿ ದರ ವರ್ಷದಲ್ಲೇ ತುಟ್ಟಿ, ಬೆಳಕು ತೀರಾ ಕಡಿಮೆ, ಚಳಿಗಾಲದ ಮೊದಲರ್ಧದಲ್ಲಿ ಮೋಡವೂ ಜಾಸ್ತಿ. ಕೆಲವು ವರ್ಷ ತಿಂಗಳ ಮೊದಲ ವಾರಗಳಲ್ಲಿ ಹಿಮ ಇನ್ನೂ ಮೊಣಕಾಲಿಗೂ ಬಂದಿರುವುದಿಲ್ಲ.

ಹಿಮ ಬೇಕು ಅನ್ನುವವರಿಗೆ ನಮ್ಮ ಶಿಫಾರಸು ಮಾರ್ಚ್. ಲ್ಯಾಪ್‌ಲ್ಯಾಂಡಿನಲ್ಲಿ ಹಿಮದ ಪದರ ಅತಿ ದಪ್ಪವಾಗಿರುವುದು ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ಭಾಗದವರೆಗೆ, ಜನವರಿಯಲ್ಲಲ್ಲ. ಮಾರ್ಚ್ 20ರ ಸುಮಾರಿಗೆ ಹಗಲು 12 ಗಂಟೆ ಇರುತ್ತದೆ, ರಾತ್ರಿಯೂ ಸಾಕಷ್ಟು ಕತ್ತಲಾಗುತ್ತದೆ. ಹಗಲಿಡೀ ಹಿಮದಲ್ಲಿ ಓಡಾಡಿ ರಾತ್ರಿ ಧ್ರುವಪ್ರಭೆಗೆ ಕಾಯಬಹುದು. ತಿಂಗಳ ಕೊನೆಗೆ ಹೋದರೆ ಇನ್ನೊಂದು ಲಾಭವಿದೆ. ಹಗಲಿನ ಬಿಸಿಲಿಗೆ ಮೇಲ್ಪದರ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ, ಬೆಳಗಿನ ಹೊತ್ತು ಹಿಮ ಕಾಲಿಟ್ಟರೂ ಕುಸಿಯದ ಚಪ್ಪಡಿಯಾಗುತ್ತದೆ. ಫಿನ್ನಿಷ್‌ನಲ್ಲಿ ಇದಕ್ಕೆ ಹಂಕಿಕಾಂತೊ ಎನ್ನುತ್ತಾರೆ. ದಾರಿಯೇ ಇಲ್ಲದ ಕಾಡಿನೊಳಗೆ ನೆಲದ ಮೇಲೆ ನಡೆದಂತೆ ನಡೆಯಬಹುದು. ಹತ್ತು ಹನ್ನೊಂದು ಗಂಟೆಗೆ ವಾಪಸಾಗಬೇಕು, ಇಲ್ಲವಾದರೆ ಸೊಂಟದವರೆಗೆ ಹೂತುಕೊಳ್ಳುತ್ತೀರಿ. ಒಂದು ಎಚ್ಚರಿಕೆ: ಫೆಬ್ರವರಿ ಮಧ್ಯದಿಂದ ಮಾರ್ಚ್ ಮೊದಲ ವಾರದವರೆಗೆ ಫಿನ್ನಿಷ್ ಶಾಲೆಗಳಿಗೆ ಸರದಿಯಂತೆ ಸ್ಕೀ ರಜೆ. ಆಗ ಸ್ಕೀ ಊರುಗಳೆಲ್ಲ ತುಂಬಿರುತ್ತವೆ.

ಚಳಿ ಆಗದವರಿಗೆ ಸೆಪ್ಟೆಂಬರಿನ ಎರಡು, ಮೂರನೆಯ ವಾರ. ಬೆಟ್ಟದ ಬರ್ಚ್ ಮರಗಳು ಹಳದಿ, ಕಿತ್ತಳೆ, ನೆಲದ ಗಿಡ್ಡ ಬರ್ಚ್ ಕಡುಕೆಂಪು. ಈ ಬಣ್ಣದ ಕಾಲಕ್ಕೆ ರುಸ್ಕಾ ಎಂದು ಹೆಸರು. ಕೆರೆಗಳು ಇನ್ನೂ ಹೆಪ್ಪುಗಟ್ಟಿರದ ಕಾರಣ ಧ್ರುವಪ್ರಭೆ ನೀರಿನಲ್ಲೂ ಕಾಣುತ್ತದೆ, ಸೊಳ್ಳೆ ಸತ್ತಿರುತ್ತದೆ. ಮೇ ತಿಂಗಳನ್ನು ಮಾತ್ರ ಬಿಟ್ಟುಬಿಡಿ. ಎಲ್ಲೆಲ್ಲೂ ಕೆಸರು ಹಿಮ, ಕೆರೆಯ ಮೇಲೆ ಹೋಗುವಂತಿಲ್ಲ, ಬೆಟ್ಟದ ದಾರಿ ಒದ್ದೆ, ಚಳಿಗಾಲದ ಹೋಟೆಲು ಮತ್ತು ಟೂರಿನವರು ಬಾಗಿಲು ಹಾಕಿರುತ್ತಾರೆ.

ಪ್ರಶ್ನೆ: ಚಿತ್ರಗಳಲ್ಲಿ ಎಲ್ಲ ಕಡೆ ಒಂದೇ ಥರದ ಕಾಡು, ಹಿಮ ಕಾಣುತ್ತದೆ. ರೊವಾನಿಯೆಮಿಯಲ್ಲೇ ಉಳಿದರೆ ಸಾಲದೇ? ಇನ್ನೂ ಉತ್ತರಕ್ಕೆ ಹೋಗಿ ನೋಡುವುದೇನಿದೆ?

ಉತ್ತರ: ರೊವಾನಿಯೆಮಿ ಊರು ಚೆನ್ನಾಗಿದೆ, ಆದರೆ ಅದು ಲ್ಯಾಪ್‌ಲ್ಯಾಂಡಿನ ಹೊಸ್ತಿಲು ಅಷ್ಟೆ. 1944ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ ಊರನ್ನು ಸುಟ್ಟುಹಾಕಿತು. ಈಗಿನ ಊರಿನ ರಸ್ತೆಗಳನ್ನು ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಹಿಮಸಾರಂಗದ ತಲೆ ಮತ್ತು ಕೊಂಬಿನ ಆಕಾರದಲ್ಲಿ ಯೋಜಿಸಿದರು. ನಕ್ಷೆ ನೋಡಿದರೆ ಗೊತ್ತಾಗುತ್ತದೆ, ಬೀದಿಯಲ್ಲಿ ನಡೆದರೆ ಗೊತ್ತಾಗುವುದಿಲ್ಲ. ಊರಿನಿಂದ 8 ಕಿ.ಮೀ. ಉತ್ತರಕ್ಕಿರುವ ಸಾಂತಾ ಗ್ರಾಮದಲ್ಲಿ ಆರ್ಕ್‌ಟಿಕ್ ವೃತ್ತದ ಗೆರೆ ಎಳೆದಿದ್ದಾರೆ, ಎಲ್ಲರೂ ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಭೂಮಿಯ ಅಕ್ಷದ ವಾಲಿಕೆ ನಿಧಾನವಾಗಿ ಬದಲಾಗುವುದರಿಂದ ನಿಜವಾದ ವೃತ್ತ ವರ್ಷಕ್ಕೆ ಸುಮಾರು 14.5 ಮೀಟರ್ ಉತ್ತರಕ್ಕೆ ಜರುಗುತ್ತಿದೆ. ಬಣ್ಣದ ಗೆರೆ ಮಾತ್ರ ಇದ್ದಲ್ಲೇ ಇದೆ.

ಅಲ್ಲಿಂದ ಇ75 ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಗುತ್ತಾ ಕಿಟಕಿಯಿಂದ ಮರಗಳನ್ನು ಗಮನಿಸಿ. ಮೊದಲು ಸ್ಪ್ರೂಸ್, ಪೈನ್ ಎರಡೂ ಇರುತ್ತವೆ. ಇನಾರಿಗೆ ಹೋಗುವಷ್ಟರಲ್ಲಿ ಸ್ಪ್ರೂಸ್ ಕಾಣೆಯಾಗಿ ಪೈನ್ ಮಾತ್ರ ಉಳಿಯುತ್ತದೆ. ಉಟ್ಸ್‌ಯೋಕಿಯಲ್ಲಿ ಪೈನೂ ಬಹುಮಟ್ಟಿಗೆ ಮುಗಿದು, ಆಳೆತ್ತರದ ಸೊಟ್ಟ ಬರ್ಚ್‌ಗಳು, ಅವುಗಳ ಮೇಲೆ ಬೋಳು ಬೆಟ್ಟ. ಈ ಬೋಳು ಬೆಟ್ಟಗಳಿಗೆ ತುಂತುರಿ ಎನ್ನುತ್ತಾರೆ. ಟಂಡ್ರಾ ಎಂಬ ಪದದ ಬಂಧು ಇದು. ಬಹು ಪುರಾತನ ಪರ್ವತಗಳು ಸವೆದು, ಹಿಮಯುಗದ ಮಂಜಿನ ಹಾಳೆ ಮೇಲೆ ಉಜ್ಜಿ ಹೋಗಿ ಗುಂಡಗಾಗಿವೆ. ಎತ್ತರ ನೋಡಿ ಮೂಗು ಮುರಿಯಬೇಡಿ. ಕಿಲ್ಪಿಸ್‌ಯಾರ್ವಿಯ ಸಾನಾ ಬೆಟ್ಟ 1,029 ಮೀಟರ್ ಅಷ್ಟೆ, ಆದರೆ ಮರಗಳು ಬೇಗ ಮುಗಿಯುವುದರಿಂದ ಅರ್ಧ ದಾರಿಯಿಂದಲೇ ಸುತ್ತಲೂ ತೆರೆದ ನೋಟ.

ನಮ್ಮನ್ನು ಕೇಳಿದರೆ ಒಂದು ರಾತ್ರಿ ರೊವಾನಿಯೆಮಿ, ಉಳಿದದ್ದೆಲ್ಲ ಇನಾರಿ ಅಥವಾ ಕಿಲ್ಪಿಸ್‌ಯಾರ್ವಿ ಕಡೆ. ರೊವಾನಿಯೆಮಿಯಿಂದ ಇನಾರಿ ಸುಮಾರು 325 ಕಿ.ಮೀ., ಕಿಲ್ಪಿಸ್‌ಯಾರ್ವಿ 425 ಕಿ.ಮೀ. ಆಸುಪಾಸು. ಹಿಮ ಮೆತ್ತಿ ಬೂದುಗಂಬಳಿ ಹೊದ್ದ ಭೂತಗಳಂತೆ ನಿಂತ ಸ್ಪ್ರೂಸ್ ಮರಗಳ ಚಿತ್ರ ನೋಡಿಯೇ ಹೊರಡುತ್ತಿದ್ದರೆ ಮಾತ್ರ ಉತ್ತರಕ್ಕೆ ಹೋಗಬೇಡಿ. ಅದು ಸಿಗುವುದು ದಕ್ಷಿಣ ಲ್ಯಾಪ್‌ಲ್ಯಾಂಡಿನ ಬೆಟ್ಟಗಳಲ್ಲಿ, ಪೊಸಿಯೊ ಬಳಿಯ ರೀಸಿತುಂತುರಿಯಂಥ ಕಡೆ, ಜನವರಿ ಫೆಬ್ರವರಿಯಲ್ಲಿ.

ಪ್ರಶ್ನೆ: ಚಳಿಗಾಲದಲ್ಲಿ ಅಲ್ಲಿ 24 ಗಂಟೆಯೂ ಕತ್ತಲೆಯೇ?

ಉತ್ತರ: ಇಲ್ಲ. ಕಾಮೊಸ್ ಎಂದು ಕರೆಯುವ ಧ್ರುವರಾತ್ರಿಯಲ್ಲಿ ಸೂರ್ಯ ಹುಟ್ಟುವುದಿಲ್ಲ ನಿಜ. ಉಟ್ಸ್‌ಯೋಕಿಯಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ, ಸುಮಾರು 50 ದಿನ. ಆದರೆ ಸೂರ್ಯ ದಿಗಂತದ ಕೆಳಗೆ ಸ್ವಲ್ಪವೇ ಇರುವುದರಿಂದ ಮಧ್ಯಾಹ್ನದ ಆಚೀಚೆ ಕೆಲವು ಗಂಟೆ ಮುಸ್ಸಂಜೆಯ ಬೆಳಕಿರುತ್ತದೆ. ದಕ್ಷಿಣದ ಆಕಾಶ ಗುಲಾಬಿ, ಉಳಿದೆಡೆ ನೀಲಿ, ಹಿಮವೂ ನೀಲಿ. ರೊವಾನಿಯೆಮಿಯಲ್ಲಂತೂ ಡಿಸೆಂಬರ್ 21ರಂದೂ ಎರಡು ಗಂಟೆಗೂ ತುಸು ಹೆಚ್ಚು ಕಾಲ ಸೂರ್ಯ ಮೇಲಿರುತ್ತಾನೆ.

ಪ್ರಶ್ನೆ: ಮೈನಸ್ 30 ಡಿಗ್ರಿ ಅಂದರೆ ಎದೆ ನಡುಗುತ್ತದೆ. ಅಷ್ಟು ಚಳಿ ದಿನಾ ಇರುತ್ತದೆಯೇ? ಎಂಥ ಬಟ್ಟೆ ಒಯ್ಯಬೇಕು?

ಉತ್ತರ: ದಿನಾ ಇರುವುದಿಲ್ಲ. ರೊವಾನಿಯೆಮಿಯ ಜನವರಿ ಸರಾಸರಿ ಮೈನಸ್ 10ರ ಆಸುಪಾಸು. ಅಟ್ಲಾಂಟಿಕ್‌ನ ಬೆಚ್ಚನೆಯ ನೀರಿನಿಂದಾಗಿ ಇದೇ ಅಕ್ಷಾಂಶದ ಗ್ರೀನ್‌ಲೆಂಡ್, ಸೈಬೀರಿಯಾಗಳಿಗಿಂತ ಇಲ್ಲಿ ಎಷ್ಟೋ ವಾಸಿ. ಆದರೆ ಗಾಳಿ ನಿಂತು ಆಕಾಶ ತಿಳಿಯಾದ ರಾತ್ರಿ ನೆಲ ತನ್ನ ಶಾಖವನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ. ಭಾರವಾದ ತಣ್ಣನೆ ಗಾಳಿ ಬೆಟ್ಟದಿಂದ ಇಳಿದು ಕಣಿವೆಯಲ್ಲಿ ಕೆರೆಯ ನೀರಿನಂತೆ ನಿಲ್ಲುತ್ತದೆ. ಹಾಗಾಗಿ ಒಂದೇ ರಾತ್ರಿ ಕಣಿವೆಯಲ್ಲಿ ಮೈನಸ್ 30, ಬೆಟ್ಟದ ನೆತ್ತಿಯಲ್ಲಿ ಮೈನಸ್ 15 ಇರುವುದುಂಟು. ಫಿನ್‌ಲೆಂಡಿನ ದಾಖಲೆ ಚಳಿ, ಮೈನಸ್ 51.5, 1999ರ ಜನವರಿ 28ರಂದು ಬಂದದ್ದೂ ಕಿಟ್ಟಿಲಾದ ಪೊಕ್ಕಾದಲ್ಲಿ, ಬೆಟ್ಟದ ತುದಿಯಲ್ಲಲ್ಲ. ಕೆರೆದಂಡೆಯ ಕಾಟೇಜಿನಲ್ಲಿ ಥರ್ಮಾಮೀಟರ್ ನೋಡಿ ಹೆದರಿ ಒಳಗೇ ಕೂರುವ ಬದಲು ಗುಡ್ಡ ಹತ್ತಿ ನೋಡಿ.

ಗಾಳಿಯ ಲೆಕ್ಕ ಬೇರೆ. ಮೈನಸ್ 20ರಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹಿಮಬೈಕು ಓಡಿಸಿದರೆ ತೆರೆದ ಚರ್ಮಕ್ಕೆ ಮೈನಸ್ 34ರ ಚಳಿ ತಾಗಿದಂತೆ.

ಬಟ್ಟೆ ಮೂರು ಪದರ. ಮೈಗೆ ತಾಗುವುದು ಮೆರಿನೊ ಉಣ್ಣೆ, 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ದಪ್ಪದ್ದು ಸಾಕು. ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್. ಹೊರಗೆ ಗಾಳಿ ತಡೆಯುವ ದೊಗಲೆ ಜಾಕೆಟ್, ಪ್ಯಾಂಟು. ಹತ್ತಿ ಬನಿಯನ್, ಜೀನ್ಸ್ ಬೇಡವೇ ಬೇಡ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಐದೇ ನಿಮಿಷಕ್ಕೆ ಅದೇ ತಣ್ಣೀರ ಪಟ್ಟಿಯಾಗುತ್ತದೆ. ಚಳಿಗಿಂತ ಬೆವರಿಗೆ ಹೆಚ್ಚು ಹೆದರಬೇಕು. ನಡೆಯಲು ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಹಾಕಿಕೊಂಡು, ನಿಂತ ಕೂಡಲೇ ಮೇಲೊಂದು ದಪ್ಪ ಜಾಕೆಟ್ ಏರಿಸಿ.

ಹೆಚ್ಚಿನವರು ಎಡವುವುದು ಪಾದದ ವಿಷಯದಲ್ಲಿ. ಚಳಿ ಅಂತ ಎರಡು ಮೂರು ಜೊತೆ ಕಾಲುಚೀಲ ತುರುಕಿ ಬೂಟು ಬಿಗಿ ಮಾಡಿಕೊಂಡರೆ ರಕ್ತದ ಓಟ ಕುಗ್ಗಿ ಬೆರಳು ಮೊದಲೇ ಮರಗಟ್ಟುತ್ತವೆ. ಒಂದು ಸೈಜ್ ದೊಡ್ಡ ಬೂಟು, ತೆಳ್ಳನೆಯದೊಂದು, ದಪ್ಪನೆಯದೊಂದು ಉಣ್ಣೆ ಕಾಲುಚೀಲ. ಒಳಗೆ ಬೆರಳು ಆಡಿಸಲು ಬರಬೇಕು, ಅದೇ ಪರೀಕ್ಷೆ. ಕೈಗೆ ಐದು ಬೆರಳಿನ ಗವಸಿಗಿಂತ ಬೆರಳೆಲ್ಲ ಒಟ್ಟಿಗಿರುವ ಚೀಲಗವಸು ಬೆಚ್ಚಗೆ. ಫೋನು, ಕ್ಯಾಮೆರಾಕ್ಕೆಂದು ಅದರೊಳಗೊಂದು ತೆಳು ಗವಸು. ಕೆನ್ನೆ, ಮೂಗಿನ ತುದಿಯಲ್ಲಿ ಮೇಣದಂಥ ಬಿಳಿ ಮಚ್ಚೆ ಕಂಡರೆ ಅದು ಹಿಮಕಚ್ಚಿನ ಶುರು. ತನ್ನ ಮುಖ ತನಗೆ ಕಾಣದು, ಆದ್ದರಿಂದ ಜೊತೆಗಾರರು ಒಬ್ಬರ ಮುಖ ಒಬ್ಬರು ನೋಡುತ್ತಿರಬೇಕು. ಬೆಚ್ಚನೆ ಅಂಗೈ ಒತ್ತಿ ಹಿಡಿಯಿರಿ, ತಿಕ್ಕಬೇಡಿ, ಹಿಮದಿಂದಂತೂ ಉಜ್ಜಲೇಬೇಡಿ.

ದಪ್ಪ ಮೇಲುಡುಪು, ಬೂಟು ಕೊಳ್ಳಲು ಹೋಗಬೇಡಿ. ಹಿಮಬೈಕು, ನಾಯಿಗಾಡಿ ಸವಾರಿ ನಡೆಸುವವರು ಸಾಮಾನ್ಯವಾಗಿ ಅವನ್ನು ಶುಲ್ಕದೊಳಗೇ ಕೊಡುತ್ತಾರೆ. ಬುಕ್ ಮಾಡುವಾಗ ಕೇಳಿಕೊಳ್ಳಿ.

ಪ್ರಶ್ನೆ: ಧ್ರುವಪ್ರಭೆ ನೋಡಲು ಎಷ್ಟು ರಾತ್ರಿ ಇಟ್ಟುಕೊಳ್ಳಬೇಕು? ಆ್ಯಪ್‌ನಲ್ಲಿ ಕೆಪಿ ಅಂಕ 2 ತೋರಿಸಿದರೆ ಹೊರಗೆ ಹೋಗುವುದು ದಂಡವೇ?

ಉತ್ತರ: ಕೆಪಿ ಅಂಕವನ್ನು ನೋಡಿ ಮಲಗಿಬಿಡುವುದು ಎಲ್ಲರೂ ಮಾಡುವ ತಪ್ಪು. ಆ ಅಂಕ ಹೇಳುವುದು ಧ್ರುವದ ಸುತ್ತ ಇರುವ ಪ್ರಭೆಯ ಉಂಗುರ ದಕ್ಷಿಣಕ್ಕೆ ಎಷ್ಟು ಹಿಗ್ಗಿದೆ ಎಂಬುದನ್ನು. ಹೆಲ್ಸಿಂಕಿಯಲ್ಲಿ ಕಾಯುವವರಿಗೆ 5 ಬೇಕು. ಇನಾರಿ, ಉಟ್ಸ್‌ಯೋಕಿ, ಕಿಲ್ಪಿಸ್‌ಯಾರ್ವಿಗಳು ಉಂಗುರದ ಕೆಳಗೇ ಇವೆ, ಅಲ್ಲಿ 1, 2 ಇದ್ದರೂ ಕಾಣುತ್ತದೆ. ಉತ್ತರ ಲ್ಯಾಪ್‌ಲ್ಯಾಂಡಿನಲ್ಲಿ ನಿಜವಾದ ಶತ್ರು ಮೋಡ. ಆದ್ದರಿಂದ ಮೊದಲು ಫಿನ್ನಿಷ್ ಹವಾಮಾನ ಸಂಸ್ಥೆಯ ಮೋಡದ ಮುನ್ಸೂಚನೆ ನೋಡಿ, ಆಮೇಲೆ ಉಳಿದದ್ದು. ಕನಿಷ್ಠ 4 ರಾತ್ರಿ ಇಟ್ಟುಕೊಳ್ಳಿ, ಒಂದೇ ಊರಿನಲ್ಲಿ ಅಲ್ಲದಿದ್ದರೆ ಇನ್ನೂ ಒಳ್ಳೆಯದು. 60, 70 ಕಿ.ಮೀ. ಆಚೆ ಆಕಾಶ ತೆರೆದಿರುವುದು ಮಾಮೂಲು.

ಕಾಯುವ ಹೊತ್ತು ರಾತ್ರಿ 9ರಿಂದ 1. ಸೂರ್ಯನಿಂದ ಹೊರಟ ಕಣಗಳ ಗಾಳಿ ಎರಡು ಮೂರು ದಿನದಲ್ಲಿ ಭೂಮಿ ತಲುಪುತ್ತದೆ. ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿರುವ ಉಪಗ್ರಹಗಳು ಅದನ್ನು ಅಳೆದು ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಸುಳಿವು ಕೊಡುತ್ತವೆ. ಆ್ಯಪ್‌ನಲ್ಲಿ ಬಿಝಡ್ ಎಂಬ ಅಂಕ (ಆ ಗಾಳಿಯ ಕಾಂತಕ್ಷೇತ್ರ ಉತ್ತರಕ್ಕೋ ದಕ್ಷಿಣಕ್ಕೋ ಎಂದು ಹೇಳುವುದು) ಋಣವಾಗಿ ಅರ್ಧ ಗಂಟೆ ಹಾಗೇ ನಿಂತರೆ ಬಟ್ಟೆ ಹಾಕಿಕೊಂಡು ಹೊರಡಿ. ಮೊದಲು ಉತ್ತರ ದಿಕ್ಕಿಗೆ ಒಂದು ಮಸುಕಾದ ಬಿಲ್ಲು ಕಾಣುತ್ತದೆ, ಮೋಡವೇ ಎಂದು ಸಂಶಯ ಬರುವಂಥದ್ದು. ಫೋನಿನಲ್ಲಿ 3 ಸೆಕೆಂಡಿನ ಚಿತ್ರ ತೆಗೆಯಿರಿ, ಹಸಿರು ಬಂದರೆ ಅದೇ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಹಿಡಿಯುವುದಿಲ್ಲ, ಕ್ಯಾಮೆರಾಕ್ಕೆ ಹಿಡಿಯುತ್ತದೆ. ಬಿಲ್ಲು ಹತ್ತು ಇಪ್ಪತ್ತು ನಿಮಿಷ ಸುಮ್ಮನಿದ್ದು ಥಟ್ಟನೆ ಮಡಚಿ, ಪರದೆಯಂತೆ ಕುಣಿಯಲು ತೊಡಗುತ್ತದೆ. ಆ ಕುಣಿತ ಕೆಲವೇ ನಿಮಿಷ ಇರಬಹುದು. ಚಳಿ ಅಂತ ಒಳಗೆ ಕಾಫಿಗೆ ಹೋದವರು ಕಳೆದುಕೊಳ್ಳುವುದು ಅದನ್ನೇ. ಹಸಿರು ಬರುವುದು 100ರಿಂದ 150 ಕಿ.ಮೀ. ಎತ್ತರದ ಆಮ್ಲಜನಕದಿಂದ, 200 ಕಿ.ಮೀ. ಮೇಲಿನದು ಕೆಂಪು, ಕೆಳ ಅಂಚಿನ ನೇರಳೆ ಗುಲಾಬಿ ಸಾರಜನಕದ್ದು.

ಕ್ಯಾಮೆರಾ ಇದ್ದರೆ ಟ್ರೈಪಾಡ್, ಅಗಲ ಲೆನ್ಸ್, ಎಫ್ 2.8, ಐಎಸ್‌ಒ 1600ರಿಂದ 3200. ಪ್ರಭೆ ನಿಧಾನವಿದ್ದರೆ 8, 10 ಸೆಕೆಂಡ್, ಕುಣಿಯುತ್ತಿದ್ದರೆ 2, 3 ಸೆಕೆಂಡ್. ಜಾಸ್ತಿ ಹೊತ್ತು ತೆರೆದಿಟ್ಟರೆ ಪರದೆಯ ನಿರಿಗೆಗಳೆಲ್ಲ ಕಲಸಿ ಹಸಿರು ಗಂಜಿಯಾಗುತ್ತದೆ. ಫೋಕಸ್ ಕೈಯಿಂದಲೇ, ಒಂದು ಪ್ರಕಾಶಮಾನ ನಕ್ಷತ್ರವನ್ನು ಪರದೆಯಲ್ಲಿ ಹಿಗ್ಗಿಸಿ ಚುಕ್ಕೆಯಾಗುವವರೆಗೆ ತಿರುಗಿಸಿ. ಹೆಚ್ಚುವರಿ ಬ್ಯಾಟರಿ ಒಳಜೇಬಿನಲ್ಲಿ ಮೈಗೆ ತಾಗಿ ಇರಲಿ. ಸತ್ತಂತೆ ಕಂಡ ಬ್ಯಾಟರಿಯೂ ಬೆಚ್ಚಗಾದರೆ ಮತ್ತೆ ಏಳುತ್ತದೆ. ವಾಪಸ್ ಬರುವಾಗ ಹೊರಗೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು, ಒಳಗೆ ಎರಡು ಗಂಟೆ ಮುಟ್ಟಬೇಡಿ. ಇಲ್ಲದಿದ್ದರೆ ಮನೆಯೊಳಗಿನ ತೇವವೆಲ್ಲ ತಣ್ಣನೆ ಲೆನ್ಸಿನ ಒಳಗೂ ಹೊರಗೂ ನೀರಾಗಿ ಇಳಿಯುತ್ತದೆ. ಮೆಮರಿ ಕಾರ್ಡನ್ನು ಚೀಲಕ್ಕೆ ಹಾಕುವ ಮುಂಚೆಯೇ ತೆಗೆದುಕೊಂಡರೆ ಚಿತ್ರ ನೋಡಲು ಕಾಯಬೇಕಿಲ್ಲ.

ಗಾಜಿನ ಇಗ್ಲೂ ಬಗ್ಗೆಯೂ ಹಲವರು ಕೇಳಿದ್ದಾರೆ. ಒಂದು ರಾತ್ರಿಯ ಖುಷಿಗೆ ಸರಿ. ಮೋಡವಿದ್ದರೆ ಅದೂ ಬರೀ ಗಾಜಿನ ಸೂರು. ಏಪ್ರಿಲ್ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆಕಾಶ ಪೂರಾ ಕಪ್ಪಾಗುವುದೇ ಇಲ್ಲ, ಆಗ ಧ್ರುವಪ್ರಭೆಯ ಹೆಸರಿನಲ್ಲಿ ಬುಕ್ ಮಾಡಲೇಬೇಡಿ.

ಪ್ರಶ್ನೆ: ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯಬಹುದೇ?

ಉತ್ತರ: ಗಟ್ಟಿ, ಪಾರದರ್ಶಕ ಐಸ್ 5 ಸೆಂ.ಮೀ. ಇದ್ದರೆ ಒಬ್ಬರ ಭಾರ ತಡೆಯುತ್ತದೆ, ಹಿಮಬೈಕಿಗೆ 15 ಸೆಂ.ಮೀ. ಬೇಕು. ಹಿಮ ನೆನೆದು ಹೆಪ್ಪುಗಟ್ಟಿದ ಬಿಳಿ ಐಸಿಗೆ ಅರ್ಧ ಬಲ ಅಷ್ಟೆ, ಅಲ್ಲಿ ದಪ್ಪ ಎರಡು ಪಟ್ಟು ಇರಬೇಕು. ನಡುಚಳಿಗಾಲದಲ್ಲೂ ತೊರೆ ಸೇರುವ ಬಾಯಿ, ಎರಡು ದ್ವೀಪದ ನಡುವಿನ ಇಕ್ಕಟ್ಟು, ಸೇತುವೆಯ ಕೆಳಗು, ಜೊಂಡು ಬೆಳೆದ ಅಂಚು, ಇವು ತೆಳುವಾಗಿರುತ್ತವೆ. ಕೆಳಗೆ ನೀರು ಓಡುತ್ತಿರುವುದೇ ಕಾರಣ. ಇನಾರಿ ಸರೋವರದಲ್ಲಿ 3,000ಕ್ಕೂ ಹೆಚ್ಚು ದ್ವೀಪಗಳಿವೆ, ಹಾಗಾಗಿ ಇಂಥ ಇಕ್ಕಟ್ಟುಗಳೂ ಬೇಕಾದಷ್ಟು. ಗುರುತು ಕಂಬ ನೆಟ್ಟ ದಾರಿ ಬಿಟ್ಟು ಹೋಗಬೇಡಿ. ಹಗ್ಗದಿಂದ ಜೋಡಿಸಿದ ಎರಡು ಮೊಳೆಹಿಡಿಗಳು ಅಂಗಡಿಯಲ್ಲಿ ಸಿಗುತ್ತವೆ, ಕೊರಳಿಗೆ ಹಾಕಿಕೊಳ್ಳಿ. ಬಿದ್ದರೆ ಬಂದ ದಿಕ್ಕಿಗೇ ತಿರುಗಿ ಮೊಳೆ ಚುಚ್ಚಿ, ಕಾಲು ಬಡಿದು ಹೊಟ್ಟೆಯ ಮೇಲೆ ಜಾರಿ ಬನ್ನಿ, ಮೇಲೆ ಬಂದಮೇಲೂ ಎದ್ದು ನಿಲ್ಲದೆ ಉರುಳಿಕೊಂಡೇ ದೂರ ಸರಿಯಿರಿ. ನೀವು ಬಂದ ದಾರಿಯ ಐಸ್ ನಿಮ್ಮನ್ನು ಅದುವರೆಗೆ ಹೊತ್ತಿತ್ತು, ಮುಂದಿನದರ ಬಗ್ಗೆ ಭರವಸೆಯಿಲ್ಲ.

ಪ್ರಶ್ನೆ: ಕಾರು ಬಾಡಿಗೆಗೆ ಪಡೆದು ಚಳಿಗಾಲದಲ್ಲಿ ಓಡಿಸುವುದು ಕ್ಷೇಮವೇ?

ಉತ್ತರ: ಹಿಮದ ರಸ್ತೆಯ ಅಭ್ಯಾಸವಿಲ್ಲದವರು ಮೊದಲ ದಿನವೇ 300 ಕಿ.ಮೀ. ಓಡಿಸಲು ಹೋಗಬಾರದು. ಬಸ್ಸುಗಳಿವೆ. ಓಡಿಸುವುದೇ ಆದರೆ, ಕಾರಿಗೆ ಚಳಿಗಾಲದ ಟೈರು ಇದ್ದೇ ಇರುತ್ತದೆ, ಉತ್ತರಕ್ಕೆ ಮೊಳೆ ಟೈರನ್ನೇ ಕೇಳಿ. ಕಾರಿನ ಮುಂದಿನ ದೀಪ ಹಗಲೂ ಉರಿಯಬೇಕು, ಅದು ಕಾನೂನು. ಹೋಟೆಲಿನ ಪಾರ್ಕಿಂಗಿನಲ್ಲಿ ಗೂಟದ ಮೇಲೆ ವಿದ್ಯುತ್ ಪೆಟ್ಟಿಗೆ ಇರುತ್ತದೆ. ಡಿಕ್ಕಿಯಲ್ಲಿರುವ ತಂತಿಯಿಂದ ಕಾರಿನ ಮುಂಭಾಗದ ಸಾಕೆಟ್‌ಗೆ ಜೋಡಿಸಿದರೆ ಎಂಜಿನ್ ಬೆಚ್ಚಗಾಗುತ್ತದೆ. ಹೊರಡುವ ಎರಡು ಗಂಟೆ ಮುಂಚೆ ಶುರುವಾಗುವಂತೆ ಗಡಿಯಾರ ತಿರುಗಿಸಿಡಿ. ಹೊರಡುವಾಗ ತಂತಿ ಕಳಚಲು ಮರೆಯುವವರು ಪ್ರತಿ ಚಳಿಗಾಲದಲ್ಲೂ ಇರುತ್ತಾರೆ.

ದೊಡ್ಡ ಅಪಾಯ ಹಿಮಸಾರಂಗ. ಒಂದು ರಸ್ತೆ ದಾಟಿತೆಂದರೆ ಹಿಂದೆ ಇನ್ನೂ ನಾಲ್ಕಿವೆ ಎಂದೇ ತಿಳಿಯಿರಿ. ಹಾರ್ನ್‌ಗೆ ಜಗ್ಗುವುದಿಲ್ಲ, ಬೆದರಿದರೆ ರಸ್ತೆಯಲ್ಲೇ ಕಾರಿನ ಮುಂದೆ ಓಡುತ್ತವೆ. ನಿಲ್ಲಿಸಿ, ಸರಿಯುವವರೆಗೆ ಕಾಯಿರಿ. ಢಿಕ್ಕಿಯಾದರೆ ಪ್ರಾಣಿ ಎದ್ದು ಓಡಿಹೋದರೂ 112ಕ್ಕೆ ಕರೆ ಮಾಡಿ ಜಾಗ ಹೇಳಲೇಬೇಕು. ಯಾಕೆಂದರೆ ಲ್ಯಾಪ್‌ಲ್ಯಾಂಡಿನಲ್ಲಿ ಕಾಣುವ ಒಂದೊಂದು ಹಿಮಸಾರಂಗಕ್ಕೂ ಮಾಲೀಕರಿದ್ದಾರೆ, ಕಿವಿಯ ಅಂಚಿನ ಕತ್ತರಿ ಗುರುತೇ ಅದರ ವಿಳಾಸ.

ಪ್ರಶ್ನೆ: ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಬದುಕನ್ನು ಹತ್ತಿರದಿಂದ ನೋಡುವ ಆಸೆ. ಹೇಗೆ?

ಉತ್ತರ: ಇನಾರಿಯಲ್ಲಿರುವ ‘ಸೀದಾ’ ಎಂಬ ಹೆಸರಿನ ಸಾಮಿ ವಸ್ತುಸಂಗ್ರಹಾಲಯದಿಂದ ಶುರು ಮಾಡಿ, ಅರ್ಧ ದಿನ ಬೇಕು. ಅದೇ ಊರಿನ ಸಾಯೋಸ್ ಕಟ್ಟಡದಲ್ಲಿ ಫಿನ್‌ಲೆಂಡಿನ ಸಾಮಿ ಸಂಸತ್ತು ಇದೆ. ಇಲ್ಲಿ ಮೂರು ಸಾಮಿ ಭಾಷೆಗಳು ಬಳಕೆಯಲ್ಲಿವೆ: ಉತ್ತರ ಸಾಮಿ, ಇನಾರಿ ಸಾಮಿ, ಸ್ಕೋಲ್ಟ್ ಸಾಮಿ. ಹಿಮಸಾರಂಗ ಸಾಕುವ ಸಾಮಿ ಮನೆತನಗಳೇ ನಡೆಸುವ ಭೇಟಿಗಳಿವೆ, ಅವನ್ನೇ ಆರಿಸಿ. ಅವರ ಉಡುಪು ವೇಷಭೂಷಣವಲ್ಲ. ಅದನ್ನು ನೋಡಿದರೆ ಯಾವ ಸೀಮೆಯವರು, ಯಾವ ಮನೆಯವರು ಎಂದು ತಿಳಿದವರಿಗೆ ತಿಳಿಯುತ್ತದೆ. ನಕಲಿ ತೊಟ್ಟು ಫೋಟೊ ತೆಗೆಸಿಕೊಳ್ಳುವುದು ಅವರಿಗೆ ನೋವಿನ ವಿಷಯ. ಇನ್ನೊಂದು: ನಿಮ್ಮಲ್ಲಿ ಎಷ್ಟು ಹಿಮಸಾರಂಗ ಇವೆ ಎಂದು ಕೇಳಬೇಡಿ. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದ ಹಾಗೆ.

ಪ್ರಶ್ನೆ: ಬೇಸಿಗೆಯಲ್ಲಿ ಚಾರಣಕ್ಕೆ ಹೋಗಬೇಕೆಂದಿದ್ದೇವೆ. ಸುಲಭದ ದಾರಿ ಯಾವುದು? ಸೊಳ್ಳೆ ಕಾಟ ನಿಜವೇ?

ಉತ್ತರ: ಹೆಟ್ಟಾದಿಂದ ಪಲ್ಲಾಸ್‌ವರೆಗಿನ 55 ಕಿ.ಮೀ. ದಾರಿ. 1930ರ ದಶಕದಲ್ಲೇ ಗುರುತು ಹಾಕಿದ್ದು, ಮೂರು ನಾಲ್ಕು ದಿನದ್ದು, ಬಹುಪಾಲು ಬೋಳು ಬೆಟ್ಟದ ಬೆನ್ನಿನ ಮೇಲೆಯೇ ಸಾಗುತ್ತದೆ. ಹೆಟ್ಟಾ ಕಡೆ ಮೊದಲು ಕೆರೆಯನ್ನು ದೋಣಿಯಲ್ಲಿ ದಾಟಬೇಕು, ದೋಣಿಯವರಿಗೆ ಮುಂಚೆಯೇ ಹೇಳಿಡಿ. ದಾರಿಯಲ್ಲಿ ಔತಿಯೊತುಪಾ ಎಂಬ ಬೀಗವಿಲ್ಲದ ಉಚಿತ ಮರದ ಮನೆಗಳಿವೆ: ಹಲಗೆ ಮಂಚ, ಸೌದೆ ಒಲೆ, ಹೊರಗೆ ಕಟ್ಟಿಗೆ ಕೊಟ್ಟಿಗೆ. ಕೊನೆಗೆ ಬಂದವರಿಗೆ ಮೊದಲ ಹಕ್ಕು, ಅಲ್ಲಿನ ಅಲಿಖಿತ ನಿಯಮ ಇದೇ. ಮೊದಲೇ ಬಂದು ದಣಿವಾರಿಸಿಕೊಂಡವರು ಜಾಗ ಬಿಡಬೇಕು. ಹಾಗಾಗಿ ಗುಡಾರವೂ ಜೊತೆಗಿರಲಿ. ಹೊರಡುವ ಮುನ್ನ ಒಲೆಯ ಬಳಿ ಮುಂದಿನವರಿಗೆ ಸೌದೆ ಸೀಳಿಟ್ಟು, ಕಸವನ್ನು ಹೊತ್ತು ತನ್ನಿ. ಫಿನ್‌ಲೆಂಡಿನಲ್ಲಿ ಯಾರ ಕಾಡಿನಲ್ಲಾದರೂ ನಡೆಯಲು, ಹಣ್ಣು ಆಯಲು ಹಕ್ಕಿದೆ. ಬೆಂಕಿ ಹಾಕಲು ಮಾತ್ರ ಇಲ್ಲ, ಗುರುತಿಸಿದ ಒಲೆಗಳಲ್ಲೇ ಹಾಕಬೇಕು, ಕಾಡ್ಗಿಚ್ಚಿನ ಎಚ್ಚರಿಕೆ ಇದ್ದ ದಿನ ಬಯಲಿನ ಬೆಂಕಿ ಪೂರ್ತಿ ನಿಷಿದ್ಧ.

ಸೊಳ್ಳೆ ಕಾಟ ನಿಜ. ಜೂನ್ ಮಧ್ಯದಲ್ಲಿ ಸೊಳ್ಳೆ, ಅದರ ಬೆನ್ನಿಗೆ ಕಚ್ಚುವ ಕಿರುನೊಣ, ಆಮೇಲೆ ಜಾಲರಿಯಲ್ಲೂ ನುಸುಳುವ ನುಸಿ. ತಿಳಿ ಬಣ್ಣದ ತುಂಬುತೋಳಿನ ಅಂಗಿ, ತಲೆಗೆ ಬಲೆ, ಡೀಟ್ ಅಥವಾ ಇಕಾರಿಡಿನ್ ಇರುವ ದ್ರಾವಣ. ಡೀಟ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಹಚ್ಚಿದ ಕೈಯಲ್ಲಿ ಕನ್ನಡಕ, ವಾಚು ಮುಟ್ಟಬೇಡಿ. ಊಟಕ್ಕೆ ಕೂರುವುದು ಗಾಳಿ ಬೀಸುವ ಬೆಟ್ಟದ ಮೇಲಾಗಲಿ, ಕೆಳಗಿನ ಜೌಗಿನ ಪಕ್ಕ ಅಲ್ಲ. ಬಿಸಿಲೂ ಚುರುಕಾಗಿರುತ್ತದೆ. 2021ರ ಜುಲೈನಲ್ಲಿ ಉಟ್ಸ್‌ಯೋಕಿಯ ಕೆವೊದಲ್ಲಿ 33.6 ಡಿಗ್ರಿ ದಾಖಲಾಗಿತ್ತು. ರಾತ್ರಿಯಾಗದ ಆ ದಿನಗಳಲ್ಲಿ ನಿದ್ದೆಗೆ ಕಣ್ಣುಪಟ್ಟಿ ಮರೆಯಬೇಡಿ.

ಪ್ರಶ್ನೆ: ತಲುಪುವುದು ಹೇಗೆ? ಸಸ್ಯಾಹಾರಿಗಳ ಗತಿ?

ಉತ್ತರ: ಹೆಲ್ಸಿಂಕಿಯಿಂದ ರೊವಾನಿಯೆಮಿಗೆ ರಾತ್ರಿ ರೈಲು, ಸುಮಾರು 12 ಗಂಟೆ. ಮಲಗುವ ಕೋಣೆಗಳು ಮಾರ್ಚ್‌ನಲ್ಲಿ ಬೇಗ ಮುಗಿಯುತ್ತವೆ. ವಿಮಾನ ರೊವಾನಿಯೆಮಿ, ಕಿಟ್ಟಿಲಾ, ಇವಾಲೊಗೆ ಇದೆ, ಇನಾರಿಗೆ ಇವಾಲೊ ಹತ್ತಿರ. ಶೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಹಿಮಬೈಕು ಓಡಿಸುವ ಯೋಚನೆಯಿದ್ದರೆ ಚಾಲನಾ ಪರವಾನಗಿ ಜೊತೆಗಿರಲಿ, ಗಾಡಿಗೆ ಹಾನಿಯಾದರೆ ನಿಮ್ಮ ಪಾಲಿನ ಮೊತ್ತ ಎಷ್ಟು ಎಂದು ಸಹಿ ಹಾಕುವ ಮುಂಚೆ ಓದಿ.

ಊಟಕ್ಕೆ ಕಸ್ವಿಸ್ ಎಂಬ ಪದ ನೆನಪಿಡಿ, ತರಕಾರಿಯದು ಎಂದರ್ಥ. ಮೆನುವಿನಲ್ಲಿ ಎಲ್ ಅಕ್ಷರ ಲ್ಯಾಕ್ಟೋಸ್ ಇಲ್ಲದ್ದಕ್ಕೆ, ಎಂ ಹಾಲೇ ಇಲ್ಲದ್ದಕ್ಕೆ, ಜಿ ಗ್ಲುಟೆನ್ ಇಲ್ಲದ್ದಕ್ಕೆ. ಇವು ಯಾವುವೂ ಸಸ್ಯಾಹಾರದ ಗುರುತಲ್ಲ, ಎಲ್ ಬರೆದ ಸಾರಿನಲ್ಲಿ ಮೀನು ಇರಬಹುದು. ಉತ್ತರದ ಸಣ್ಣ ಊರುಗಳಲ್ಲಿ ಆಯ್ಕೆ ಕಡಿಮೆ, ಅಡುಗೆಮನೆಯಿರುವ ಕಾಟೇಜ್ ಹಿಡಿದು ಸಾಮಾನನ್ನು ರೊವಾನಿಯೆಮಿ ಅಥವಾ ಇವಾಲೊದಲ್ಲೇ ಕೊಂಡುಕೊಳ್ಳಿ. ಹೊಳೆವ ಕೇಸರಿ ಬಣ್ಣದ ಕ್ಲೌಡ್‌ಬೆರಿ ಜಾಮನ್ನು ಬೆಚ್ಚನೆ ಲೈಪಾಯೂಸ್ಟೊ ಚೀಸಿನ ಮೇಲೆ ಹಾಕಿ ಕೊಡುತ್ತಾರೆ, ಕಚ್ಚಿದರೆ ಹಲ್ಲಿಗೆ ಕಿರುಗುಟ್ಟುತ್ತದೆ. ಚೀಸ್ ಮಾಡಲು ಹಾಲನ್ನು ಹೆಪ್ಪಾಗಿಸುವ ಪ್ರಾಣಿಮೂಲದ ರೆನೆಟ್ ಬೇಡ ಅನ್ನುವವರು ಕೇಳಿಯೇ ತಿನ್ನಿ. ನಲ್ಲಿಯ ನೀರು ಎಲ್ಲ ಕಡೆ ಕುಡಿಯಲು ಯೋಗ್ಯ, ಬಾಟಲಿ ನೀರಿಗೆ ಯೂರೊ ಕೊಡಬೇಡಿ.